ವಾಡೆಯ ಕಾರಿನ ಟಾಪು

"ಟಾಪು ಬಿಚ್ಚೂದಿಲ್ರಿ ಅವ್ವಾರ, ಬಿಜಾಗರಿ ಎಲ್ಲಾ ತುಕ್ಕು ಹಿಡದಾವ," ಎಂದು ಬುಡನಸಾಬ ಸುಳ್ಳು ಹೇಳಿದಾಗ ಕಾರು ಅವನದೇ ಆಗಿ ಚಾವಿ ಕೈಗೆ ಬಂದು ಇನ್ನೂ ಒಂದು ತಾಸಾಗಿರಲಿಲ್ಲ. ಹೇಳಿದ್ದಾದರೂ ಯಾರಿಗೆ? ಚಾವಿ ಕೊಟ್ಟ ವಾಡೆಯ ಯಜಮಾನಿ ದುಂಡವ್ವನಿಗೇ.

ಇಪ್ಪತ್ತೆರಡು ವರ್ಷ ಆ ಕಾರು ನಡೆಸಿದವನು ಅವನು. ಎರಡನೇ ಮಹಾಯುದ್ಧಕ್ಕೂ ಮೊದಲು ದುಂಡವ್ವನ ಮಾವ ಮುಂಬೈಯಿಂದ ತರಿಸಿದ ವಿಲಾಯತಿ ಕಾರು. ಕ್ಯಾನ್ವಾಸಿನ ಟಾಪು ಹಿಂದಕ್ಕೆ ಮಡಚಿದರೆ ಮೈತುಂಬ ಗಾಳಿ. ದುಂಡವ್ವನ ಗಂಡ ತೀರಿ ಒಂಬತ್ತು ವರ್ಷವಾಗಿತ್ತು. ಈ ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಮೈದುನನ ಮಕ್ಕಳು ವಾಡೆಯನ್ನೇ ಮಾರಲು ನಿಂತಿದ್ದರು. ಕಾರಿಗೆ ಹುಬ್ಬಳ್ಳಿಯ ಗುಜರಿಯವನೊಬ್ಬ ಹೆಚ್ಚಿನ ರೇಟು ಹೇಳಿಹೋಗಿದ್ದ. ದುಂಡವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. "ಬುಡನ ಹೆತ್ತ ಕೂಸಿನಂಗ ನೋಡ್ಕೊಂಡಾನ, ಅವನ ಕೈಯಾಗ ಇರ್ಲಿ" ಎಂದುಬಿಟ್ಟಳು. ಬುಡನಸಾಬ ಹೆಂಡತಿ ಖಾಸಿಂಬಿಯ ಕೊರಳಲ್ಲಿದ್ದ ಬಂಗಾರವನ್ನೆಲ್ಲ ಮಾರಿ ಕೊಂಡುಕೊಂಡ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವ ವಿಚಾರ. ತೆರೆದ ಕಾರಿನಲ್ಲಿ ಮದುಮಕ್ಕಳನ್ನು ಮೆರೆಸುವುದೆಂದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಬೇಡ? ಅಣ್ಣಿಗೇರಿಯವರು ಸೋಮವಾರದ ಲಗ್ನಕ್ಕೆ ಆಗಲೇ ಸಂಚಕಾರದ ಹಣ ಕೊಟ್ಟು ಹೋಗಿದ್ದರು.

ದುಂಡವ್ವ ಕೇಳಿದ್ದಾದರೂ ಏನು ಮಹಾ? "ಲಗ್ನಾಗಿ ಬಂದಾಗ ಕುಂದಗೋಳ ಟೇಶನ್ನಿನಿಂದ ಇದ ಕಾರಿನ್ಯಾಗ ಕರಕೊಂಡು ಬಂದ್ರೋ ಬುಡನಾ. ಟಾಪು ಹಾಕಿ, ಎರಡೂ ಬಾಜು ಪರದೆ ಬಿಟ್ಟು. ದಾರ್ಯಾಗಿನ ಒಂದ ಗಿಡಾ ಸೈತ ಕಾಣಲಿಲ್ಲ ನನಗ. ಆಮ್ಯಾಲೆ ಹತ್ತಿದಾಗೆಲ್ಲಾ ಅದ ಹಣೇಬಾರ. ಈಗ ಟಾಪು ಬಿಚ್ಚು, ಒಂದ ಸಲ ಟೇಶನ್ ತನಕ ಹೋಗಿ ಬರೂಣು."

ಬುಡನಸಾಬನ ಕಣ್ಣ ಮುಂದೆ ಅಣ್ಣಿಗೇರಿಯ ಲಗ್ನ ಬಂತು. ವಿಧವೆ ಕೂತು ಬೋಣಿಯಾದ ಕಾರಿನಲ್ಲಿ ಮದುಮಗನನ್ನು ಯಾರು ಕೂರಿಸುತ್ತಾರೆ? ಅವನಿಗೆ ಅಂಥ ನಂಬಿಕೆ ಇರಲಿಲ್ಲ. ಅವನಿಗಿಲ್ಲದಿದ್ದರೇನು, ಬಾಡಿಗೆ ಕೊಡುವವರಿಗೆ ಇತ್ತಲ್ಲ! ಕುಂದಗೋಳದ ಪೇಟೆಯಲ್ಲಿ ಒಬ್ಬರ ಕಣ್ಣಿಗೆ ಬಿದ್ದರೆ ಸಾಕು, ಸುದ್ದಿ ಕಾರಿಗಿಂತ ಮೊದಲು ಅಣ್ಣಿಗೇರಿ ಮುಟ್ಟುತ್ತದೆ. ಈ ಒಂದು ಲಗ್ನ ಸುಸೂತ್ರ ಮುಗಿಯಲಿ, ಮರುದಿನವೇ ಟೇಶನ್ ಏನು, ಯಮನೂರಿನ ದರ್ಗಾದ ತನಕ ಬೇಕಾದರೂ ಕರೆದೊಯ್ದೇನು ಎಂದುಕೊಂಡ. ಖರೇನೇ ಅಂದುಕೊಂಡ, ಕೆಟ್ಟ ಮನುಷ್ಯನಲ್ಲ ಅವನು.

"ಹುಬ್ಬಳ್ಳಿ ಮಿಸ್ತ್ರಿ ಕಡೆ ತೋರಿಸಿ, ಮಂಗಳವಾರ ನಾನ ಬಂದು ಕರಕೊಂಡು ಹೋಗ್ತೀನ್ರಿ."

"ಮಂಗಳವಾರ?" ದುಂಡವ್ವ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಆಗ್ಲೇಳಪಾ. ಅವಸರೇನೈತಿ." ಮನೆಗೆಲಸದ ಫಕೀರವ್ವ ಕೈ ಹಿಡಿದು ಅವಳನ್ನು ಒಳಗೆ ಕರೆದೊಯ್ದಳು.

ರವಿವಾರ ಮುಂಜಾನೆ ಬುಡನಸಾಬ ಮನೆಯ ಮುಂದೆ ಕಾರಿಗೆ ನೀರು ಹೊಡೆಯುತ್ತಿದ್ದ. ಫಕೀರವ್ವ ಬರಿಗಾಲಲ್ಲಿ ಓಡುತ್ತ ಬಂದಳು.

"ಅವ್ವಾರು ಹೋದ್ರೋ ಯಣ್ಣಾ! ನಸುಕಿನ್ಯಾಗ ಚಾ ತಗೊಂಡು ಹೋಗಿ ಎಬ್ಬಸ್ತೀನಿ, ಏಳವಲ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನಿ ಸಂಜಿಮುಂದ ಒಂದ ಮಾತ ಹೇಳಿದ್ರು. ನಾ ಹೋದ್ರ ಬಿದಿರಿನ ವಿಮಾನ ಕಟ್ಟಬ್ಯಾಡ್ರಿ, ಬುಡನನ ಕಾರಿನ್ಯಾಗ ಟಾಪು ಬಿಚ್ಚಿ ಕುಂಡ್ರಸ್ರಿ. ಬರೂಮುಂದ ಮುಚ್ಚಿಕೊಂಡು ಬಂದೆ, ಹೋಗೂಮುಂದರ ಊರು ನೋಡ್ಕೋತ ಹೋಗ್ತೀನಿ ಅಂದ್ರು."

ವಾಡೆಯವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿಯಿಲ್ಲ. ವಿಭೂತಿ ಹಚ್ಚಿ, ಬಿದಿರಿಗೆ ಹೂ ಕಟ್ಟಿದ ವಿಮಾನದಲ್ಲಿ ಕೂರಿಸಿಯೇ ಒಯ್ಯಬೇಕು. ಬುಡನಸಾಬ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತ ನಿಂತುಬಿಟ್ಟ.

ಬಾಗಿಲಲ್ಲಿದ್ದ ಖಾಸಿಂಬಿ ಗಂಡನನ್ನು ಒಳಗೆ ಕರೆದಳು. ಅವಳ ಕೊರಳಲ್ಲಿ ಕರಿಮಣಿ ಬಿಟ್ಟರೆ ಏನೂ ಉಳಿದಿರಲಿಲ್ಲ. "ಹೆಣ ಕುಂತ ಕಾರು ಅಂತಾರ. ನಾಳಿಂದೂ ಹೋಗ್ತೈತಿ, ಮುಂದಿಂದೂ ಹೋಗ್ತೈತಿ. ತುಕ್ಕು ಹಿಡದೈತಿ ಅಂತ ಮೊನ್ನಿ ಹೇಳೀರಲ್ಲ, ಅದನ್ನ ಇನ್ನೊಮ್ಮೆ ಹೇಳಿ ಕಳಸ್ರಿ."

"ಮಂಗಳವಾರ ಬರ್ತೀನಿ ಅಂದಿದ್ದೆ ಖಾಸಿಂ," ಎಂದ ಬುಡನಸಾಬ. "ಅವರಿಗೆ ತಡಿಯೂದು ಆಗ್ಲಿಲ್ಲ." ಅಷ್ಟೇ ಹೇಳಿ ಹೊರಗೆ ಬಂದು ಗಾಡಿ ಹೊಡೆದ.

ವಾಡೆಯ ಮುಂದೆ ಜನವೋ ಜನ. ಬುಡನಸಾಬ ಎರಡು ಕೊಂಡಿ ಕಳಚಿ, ಒಂದೇ ಕೈಯಿಂದ ಎಳೆದ. ಟಾಪು ಕಿರ್ ಎಂದು ಸಪ್ಪಳ ಕೂಡ ಮಾಡದೆ ಹಿಂದಕ್ಕೆ ಮಡಚಿಕೊಂಡಿತು. ಹಿಂದಿನ ಸೀಟಿನಲ್ಲಿ ದುಂಡವ್ವನನ್ನು ಕೂರಿಸಿ, ಬೀಳದ ಹಾಗೆ ಬೆನ್ನಿಗೆ ದಿಂಬು ಕೊಟ್ಟು, ಕೊರಳಿಗೆ ಮಾಲೆ ಹಾಕಿದರು. ಗುಂಪಿನಲ್ಲಿ ಅಣ್ಣಿಗೇರಿ ಬೀಗರ ಪೈಕಿಯ ಒಬ್ಬನಿದ್ದ. ಅವನು ಕಾರನ್ನೊಮ್ಮೆ, ಬುಡನಸಾಬನನ್ನೊಮ್ಮೆ ನೋಡಿ, ಬಸ್ ಸ್ಟ್ಯಾಂಡಿನ ಕಡೆ ನಡೆದ. ಬುಡನಸಾಬ ಅವನನ್ನು ಕೂಗಲಿಲ್ಲ.

ದುಂಡವ್ವನ ತಲೆ ವಾಲದಂತೆ ಹಿಡಿಯಲು ಫಕೀರವ್ವ ಬಾಜುವಿನಲ್ಲಿ ಹತ್ತಿ ಕೂತಳು. ಭಜನೆಯವರು ತಾಳ ಹಾಕುತ್ತ ಮುಂದೆ ಹೊರಟರು. ಕಾರು ಅವರ ಹಿಂದೆ ನಡಿಗೆಯ ಗತಿಯಲ್ಲಿ ಓಣಿಗೆ ಇಳಿಯಿತು.

"ಫಕೀರವ್ವಾ," ಎಂದ ಬುಡನಸಾಬ, ಹಿಂದಿರುಗಿ ನೋಡದೆ. "ತುಕ್ಕಿನ ಮಾತ ಅವ್ವಾರು ನಂಬಿದ್ರೇನು?"

ಫಕೀರವ್ವ ದುಂಡವ್ವನ ಹಣೆಯ ಮೇಲೆ ಬಂದಿದ್ದ ಕೂದಲನ್ನು ಹಿಂದೆ ಸರಿಸಿದಳು.

"ಅಮಾಸಿಗೊಮ್ಮೆ ನೀ ಟಾಪು ಬಿಚ್ಚಿ ಎಣ್ಣಿ ಬಿಡೂದನ್ನ ಮಾಳಿಗಿ ಕಿಡಕ್ಯಾಗಿಂದ ಇಪ್ಪತ್ತೆರಡು ವರ್ಷ ನೋಡ್ಯಾರೋ ಯಣ್ಣಾ."