ಸರದಿಯ ಬಳೆ

ಮೂರನೆಯ ಗರ್ಭವೂ ಜಾರಿಹೋದ ಮೇಲೆ ಆಸ್ಪತ್ರೆಯವರು ಕಸ್ತೂರಿಯ ಕೈಗೆ ಬಿಳಿಯ ಸರದಿ ಬಳೆ ತೊಡಿಸಿದ್ದರು. ಹದಿನಾಲ್ಕು ತಿಂಗಳಿಂದ ಅದರ ಮೇಲಿನ ಅಂಕಿ ಇಳಿಯುತ್ತ ಇಳಿಯುತ್ತ ಇವತ್ತು ಎರಡಕ್ಕೆ ಬಂದಿತ್ತು. ತಜ್ಞರ ಕೋಣೆಯ ಮುಂದೆ ಅವಳು ಕೂರುತ್ತಿದ್ದಳು, ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಅಷ್ಟರಲ್ಲಿ ಬಳೆ ಹಸಿರಾಯಿತು. ಅಂಕಿ ಅಳಿಸಿಹೋಯಿತು.

ಪಕ್ಕದ ಹೆಂಗಸು ಅದನ್ನು ನೋಡಿ ಹಿಗ್ಗಿದಳು. “ಅಯ್ಯ, ಬಳಿ ಹಸರಾತು ಅಂದ್ರ ಬಸರಾಗೀರಿ! ಮನೀಗೆ ಹೋಗಿ ಸಿಹಿ ಹಂಚ್ರಿ.”

ನರ್ಸ್ ಬಳೆ ಬಿಚ್ಚಲು ಬಂದಳು. “ಹಸಿರಾದವರನ್ನ ಇಲ್ಲಿ ನೋಡಂಗಿಲ್ರಿ. ಇದು ಕಳಕೊಂಡವರ ಸರದಿ.”

“ಬಸರು ಯಾಕ ಹೋಗ್ತಾವಂತ ಕೇಳಾಕ ಬಂದೀನ್ರಿ. ಇದೂ ಹೋದ್ರ?”

“ಹೋದ ಮ್ಯಾಲ ಬರ್ರಿ. ಹೊಸಾ ನಂಬರ್ ಕೊಡ್ತೀವಿ.”

ಕಸ್ತೂರಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು.

“ಇನ್ನೂ ಐತ್ರಿ ಇದು. ಇರೂತನಕ ನಾ ಏಳಂಗಿಲ್ಲ.”