ಗೋಡೆಯ ಪರೀಕ್ಷೆ

ದೀಪಾವಳಿ ಕಳೆದು ಚಳಿ ಹಿಡಿದಿದ್ದ ಕಾಲ, ಬೆಳಿಗ್ಗೆ ಒಲೆ ಹತ್ತಿಸುವ ಹೊತ್ತು. ಅದೇ ಮನೆಯ ಗೋಡೆಯಾಚೆಯ ಭಾಗದಲ್ಲಿ ತಾವೂ ವಾಸವಿದ್ದ ಯಜಮಾನರು ನೀಲಮ್ಮನ ಬಾಗಿಲಿಗೆ ಬಂದು ನಿಂತರು. ಬಾಡಿಗೆಗಿದ್ದ ಅವಳನ್ನು ಬಿಡಿಸಲು ಅವರು ಹುಡುಕದ ನೆಪವೇ ಉಳಿದಿರಲಿಲ್ಲ.

“ಹಳೇ ಮನೆ ನೀಲಮ್ಮ, ಗೋಡೆ ಬಣ್ಣದಲ್ಲಿ ಸೀಸ ಇರುತ್ತಂತೆ. ಮಕ್ಕಳಿಗೆ ವಿಷ. ನಿನ್ನ ಮೊಮ್ಮಗಳ ಮೇಲಿನ ಅಕ್ಕರೆಗೆ ಹೇಳ್ತಿದೀನಿ, ಖಾಲಿ ಮಾಡಿಬಿಡು.”

“ಅಷ್ಟು ಅಕ್ಕರೆ ಇದ್ದರೆ ಪರೀಕ್ಷೆ ಮಾಡಿಸಿಬಿಡಿ ಯಜಮಾನ್ರೇ. ಸೀಸ ಇದ್ದರೆ ಅವತ್ತೇ ಹೊರಡ್ತೀನಿ,” ಅಂದಳು ನೀಲಮ್ಮ. ಆದರೆ ಬೇರೆ ಮನೆ ಸಿಗುವ ಭರವಸೆ ಅವಳಿಗಿರಲಿಲ್ಲ.

ಯಜಮಾನರು ಕರೆಸಿದ ಪರೀಕ್ಷೆಯವನು ಬಂದು ಅವಳ ಗೋಡೆಗೆ ಯಂತ್ರ ಒತ್ತಿ ಹಿಡಿದ. ನೀಲಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಪಕ್ಕದಲ್ಲೇ ನಿಂತಳು.

“ಇಲ್ಲಿ ಬರೀ ಸುಣ್ಣ. ಸೀಸ ಇಲ್ಲ,” ಅಂದ ಅವನು.

“ಇರೋದಾದ್ರೂ ಹೇಗಪ್ಪ? ನಮ್ಮ ಕಡೆಗೆ ಇವರು ಸುಣ್ಣ ಬಿಟ್ಟು ಬೇರೇನೂ ಬಳಿಸಿದವರಲ್ಲ. ಎಣ್ಣೆಬಣ್ಣದ ಭಾಗ್ಯವೆಲ್ಲ ಇವರ ತಾತನ ಕಾಲದಿಂದ ಇವರ ಕಡೆಗೇ,” ಅಂದಳು ನೀಲಮ್ಮ, ಯಜಮಾನರತ್ತ ಕೈ ತೋರಿಸಿ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಯಜಮಾನರ ಸೊಸೆ ಕಂಕುಳ ಕೂಸನ್ನು ಅವಚಿಕೊಂಡು, “ಹಾಗಾದರೆ ನಮ್ಮ ಗೋಡೆಗೂ ಒಂದ್ಸಲ ಹಿಡೀರಿ,” ಅಂದಳು.

ಶುಕ್ರವಾರ ಅಂತಲೂ ನೋಡದೆ ಗಂಟುಮೂಟೆ ಕಟ್ಟಿಕೊಂಡು ಹೊರಟದ್ದು ಯಜಮಾನರ ಮನೆಯವರು.