ಹರಿದ ಪಂಚೆ

ಅರವತ್ತೆರಡನೇ ಇಸವಿಯ ವೈಶಾಖ. ಬೆಳಗಿನ ಬಿಸಿಲು ಇನ್ನೂ ಬಾವಿಕಟ್ಟೆ ಹತ್ತಿರಲಿಲ್ಲ. ಪರ್ರನೆ ಬಟ್ಟೆ ಹರಿದ ಸದ್ದಿಗೆ ಮರುದೇವಿ ಹಿತ್ತಿಲಿಗೆ ಓಡಿಬಂದಳು. ಮಗ ಅಭಯಕುಮಾರ ತನ್ನ ಇನ್ನೊಂದು ಪಂಚೆಯನ್ನೂ ಉದ್ದುದ್ದ ಸೀಳುತ್ತಿದ್ದ.

ಹಾಸನದ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು ಅವನು. ರಜಕ್ಕೆ ಬಂದವನು ಹೆಣ್ಣು ನೋಡಲು ಒಲ್ಲೆ ಎಂದ. ಊಟ ಮರೆತ. ಈಗ ಬಟ್ಟೆಯೂ ಬೇಡವಾಯಿತು. ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳು ಬೀಡುಬಿಟ್ಟಿದ್ದಾರೆ. ಈ ಚನ್ನರಾಯಪಟ್ಟಣದಿಂದ ಅದೆಷ್ಟು ದೂರ?

ಒಂದೇ ಧೈರ್ಯ. ಮನೆಯವರು ಬಾಯಿಬಿಟ್ಟು ‘ಹೋಗಲಿ’ ಎನ್ನದೆ ಮುನಿಗಳು ದೀಕ್ಷೆ ಕೊಡುವುದಿಲ್ಲ. ಆ ಮಾತೊಂದು ತನ್ನ ನಾಲಿಗೆಯಿಂದ ಜಾರದಿರಲಿ ಎಂದು ಅವಳು ಹಲ್ಲು ಕಚ್ಚಿಕೊಂಡೇ ಇದ್ದಳು.

ಜಗುಲಿಯಲ್ಲಿ ಗಂಡ ಪದ್ಮರಾಜಯ್ಯ ಸಪ್ಪೆ ಗಂಜಿ ಕುಡಿಯುತ್ತಿದ್ದರು. ಪಿತ್ತವೆಂದು ಉಪ್ಪು ಬಿಟ್ಟು ತಿಂಗಳಾಗಿತ್ತು.

“ನಿಮಗೇನೂ ಭಯ ಇಲ್ವಾ?”

“ಅವನು ನಿನ್ನ ಬಿಟ್ಟು ಎಲ್ಲಿಗೂ ಹೋಗೋನಲ್ಲ ಕಣೆ. ನಾನು ಹೇಳ್ತಿಲ್ವಾ?”

ಆಳು ಚಿಕ್ಕಯ್ಯ ಹೊಸ ಮೆಟ್ಟು ಕಿರುಗುಟ್ಟಿಸುತ್ತ ಬಂದ. “ಯಜಮಾನ್ರು ಕೊಟ್ಬುಟ್ರು ಕಣವ್ವ. ಅವ್ರ ಕಾಲಿಗೆ ಬಿಗಿಯಂತೆ. ನಂಗೆ ನೋಡಿ, ಅಳ್ತೆ ತಗೊಂಡು ಒಲ್ದಂಗವೆ.”

ಮರುದೇವಿಗೆ ನಗು ಬರಲಿಲ್ಲ. ತಡೆಯಲಾರದೆ ಹಿತ್ತಿಲಿಗೆ ಹೋಗಿ ಮಗನ ಕೈ ಹಿಡಿದಳು. “ನೇರ ಹೇಳಿಬಿಡು ಮಗ. ಮುನಿಗಳ ಹತ್ರ ಹೊರಟಿದೀಯಾ?”

ಅಭಯಕುಮಾರ ಕಣ್ಣು ಪಿಳಿಪಿಳಿ ಬಿಟ್ಟ. ಸೀಳಿದ ಪಟ್ಟಿಯನ್ನು ಒದ್ದೆ ಮಾಡಿ, ಎರಡು ರಾಟೆಗಳಿಗೆ ಬಿಗಿದು, ಕೆಳಗೆ ಕೆಂಡವಿಟ್ಟು ತಿರುಗಿಸಿ ತೋರಿಸಿದ. ಹಬೆ ಎದ್ದಿತು.

“ಓಡೋ ಬಟ್ಟೆ ಪಕ್ಕದ ಗಾಳೀನ ಜೊತೇಲಿ ಎಳ್ಕೊಂಡು ಹೋಗುತ್ತಮ್ಮ. ಆ ಗಾಳೀಲಿ ಬಿಸಿ ಎಷ್ಟು ಹೋಯ್ತು, ತೇವ ಎಷ್ಟು ಹೋಯ್ತು ಅಂತ ಸಮೀಕರಣ ಕಟ್ತಿದೀನಿ. ಲೆಕ್ಕ ಸರಿಯೋ ತಪ್ಪೋ ನೋಡೋಕೆ ಪಂಚೆ ಹರಿದೆ. ಇದು ಮುಗೀಲಿ, ಹೆಣ್ಣು ನೋಡ್ತೀನಿ.”

“ಬಟ್ಟೆ ಹೋದ ಮೇಲೆ ಗಾಳಿ ಏನಾಗುತ್ತೋ?” ಪದ್ಮರಾಜಯ್ಯ ಕಂಬಕ್ಕೊರಗಿ ಕೇಳಿದರು.

“ಸ್ವಲ್ಪ ದೂರ ಹಿಂದೇನೆ ಬರುತ್ತಪ್ಪ. ಆಮೇಲೆ ನಿಂತುಕೊಳ್ಳುತ್ತೆ.”

ಮರುದೇವಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎಷ್ಟೋ ದಿನದ ಭಯ ಸೆರಗಿನಲ್ಲಿ ಒರೆಸಿಕೊಂಡಳು.

“ಈಗ ಹೇಳು,” ಎಂದರು ಪದ್ಮರಾಜಯ್ಯ. “ಈ ಮನೆಯಿಂದ ಯಾರಾದ್ರೂ ಹೊರಟರೆ ತಡೀತೀಯಾ?”

“ಹೋಗೋರು ಸುಖವಾಗಿ ಹೋಗಲಿ. ನಾನ್ಯಾಕೆ ತಡೀಲಿ?”

“ಅಭಯ, ನೀನೂ ಕೇಳಿಸ್ಕೊಂಡೆ ತಾನೆ?”

ಮಗ ನಗುತ್ತ ತಲೆಯಾಡಿಸಿದ.

ಮುಂದಿನ ಗುರುವಾರ ಬೆಳಿಗ್ಗೆ, ಬರಿಗಾಲಲ್ಲಿ ಬೆಳಗೊಳದ ದಾರಿ ಹಿಡಿದು ಹೋದವರು ಪದ್ಮರಾಜಯ್ಯ.